ಬಾಡಿಗೆ ಮನೆಯಲ್ಲೇ ಇದ್ದು 46ಕ್ಕೆ ಕೆಲಸ ಬಿಟ್ಟೆ: ನನ್ನ ಅನುಭವ

2025ರ ಮಾರ್ಚ್‌ಗೆ ಪೀಣ್ಯದ ಕೆಲಸಕ್ಕೆ ರಾಜೀನಾಮೆ ಕೊಟ್ಟು ತಿಪಟೂರಿಗೆ ಬಂದೆ. ಆಗ ನನಗೆ 46. ಸಂಬಳ ಇಲ್ಲದೆ ಒಂದು ವರ್ಷ ಮನೆ ನಡೆದ ಮೇಲೇ ಇದನ್ನು ಬರೆಯಬೇಕು ಅಂತ ಕಾದಿದ್ದೆ. ಯಾಕಂದ್ರೆ ನನ್ನ ಭಾವ, ಷಿಫ್ಟ್‌ನ ಗೆಳೆಯರು, ಕೊನೆಗೆ ನಮ್ಮ ಮನೆ ಮಾಲೀಕರು ಕೂಡ ಒಂದೇ ಮಾತು ಹೇಳಿದ್ದರು: "ಆರು ತಿಂಗಳಲ್ಲಿ ವಾಪಸ್ ಬರ್ತೀಯ ನೋಡು." ವರ್ಷ ಆಯಿತು. ಯಾರ ಹತ್ತಿರವೂ ಸಾಲ ಕೇಳಿಲ್ಲ.

ಇನ್ನೊಂದು ಮಾತು ತುಂಬ ಕೇಳಿದ್ದೇನೆ. "ಇದೆಲ್ಲ ಐಟಿಯವರಿಗೆ, ನಮ್ಮಂಥವರಿಗಲ್ಲ." ನಾನು ಡಿಪ್ಲೊಮಾ ಮೆಕ್ಯಾನಿಕಲ್. 2004ರಲ್ಲಿ ಸೇರಿದಾಗ ಕೈಗೆ ಬರುತ್ತಿದ್ದದ್ದು 6,500 ರೂಪಾಯಿ. 2010ಕ್ಕೆ 24,000 ಇರಬೇಕು, 2015ಕ್ಕೆ 50,000 ದಾಟಿತ್ತು. ಬಿಡುವ ಹೊತ್ತಿಗೆ ಮೆಂಟೆನೆನ್ಸ್ ವಿಭಾಗ ನೋಡಿಕೊಳ್ಳುತ್ತಿದ್ದೆ, ಒಂದು ಲಕ್ಷದ ಆಸುಪಾಸು. ಷೇರು ಕೊಡುವ ಕಂಪನಿಯಲ್ಲ, ವಿದೇಶಕ್ಕೆ ಕಳಿಸುವ ಕೆಲಸವೂ ಅಲ್ಲ. ನನಗಿದ್ದ ಅನುಕೂಲ ಒಂದೇ. ತಿಪಟೂರಿನ ಹತ್ತಿರ ಅಪ್ಪ ಕಟ್ಟಿಸಿದ ಹೆಂಚಿನ ಮನೆ ಮತ್ತು ನಲವತ್ತು ಚಿಲ್ಲರೆ ತೆಂಗಿನ ಮರ ಇವೆ. ಇದನ್ನು ಬಿಟ್ಟು ಲೆಕ್ಕ ಹೇಳಿದರೆ ಓದುವವರಿಗೆ ಮೋಸ ಮಾಡಿದ ಹಾಗೆ.

ಎಸ್‌ಐಪಿ ಅಂದ್ರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ಕಂತು, ಪಿಪಿಎಫ್ ಅಂದ್ರೆ 15 ವರ್ಷದ ಸರ್ಕಾರಿ ಉಳಿತಾಯ ಖಾತೆ. ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ನನ್ನ ಪದ್ಧತಿಯ ಬೆನ್ನೆಲುಬು ಬೇರೆ. ಇನ್‌ಕ್ರಿಮೆಂಟ್ ಬಂದ ತಿಂಗಳು, ಏರಿದ ಪ್ರತಿ 100 ರೂಪಾಯಿಯಲ್ಲಿ 60 ಉಳಿತಾಯಕ್ಕೆ, 40 ಮಾತ್ರ ಮನೆಗೆ. ಹೊಸ ಸಂಬಳ ಕೈಗೆ ಬರುವ ಮೊದಲೇ ಎಸ್‌ಐಪಿ ಏರಿಸಿಬಿಡುತ್ತಿದ್ದೆ. ಅರಿಯರ್ಸ್ (ಹಿಂದಿನ ತಿಂಗಳುಗಳ ಬಾಕಿ ಸಂಬಳ) ಬಂದರೆ ಪೂರ್ತಿ ಉಳಿತಾಯಕ್ಕೆ, ಅದರಲ್ಲಿ ಪಾಲಿಲ್ಲ. ಶುರು ಮಾಡಿದ್ದು ತಿಂಗಳಿಗೆ 1,000 ರೂಪಾಯಿಯಿಂದ. 2010ಕ್ಕೆ ಎಲ್ಲ ಸೇರಿ 9,000, 2015ಕ್ಕೆ 24,000, ಕೊನೆಯ ವರ್ಷಗಳಲ್ಲಿ ಸಂಬಳದ ಅರ್ಧಕ್ಕಿಂತ ಜಾಸ್ತಿ. ಯಾವ ಫಂಡು ಎಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲ ಹತ್ತು ವರ್ಷ ಫಂಡು ಮುಖ್ಯವೇ ಅಲ್ಲ. ಎಷ್ಟು ಹಾಕುತ್ತೀರಿ ಅನ್ನುವುದೇ ಮುಖ್ಯ.

ಇದು ನನ್ನೊಬ್ಬನ ಸಾಧನೆ ಅಲ್ಲ. ಹೆಂಡತಿ ಬರೆದಿಟ್ಟ ಖರ್ಚಿನ ಪುಸ್ತಕಗಳು ಈಗಲೂ ಟ್ರಂಕಿನಲ್ಲಿವೆ. ಉದ್ದನೆಯ ರೂಲ್ಡ್ ನೋಟ್‌ಬುಕ್ಕು, ಎಡಗಡೆ ತಾರೀಖು, ಬಲಗಡೆ ಮೊತ್ತ. 2011ರ ಒಂದು ಪುಟದಲ್ಲಿ ಹೀಗಿದೆ: ಬಾಡಿಗೆ 6,000, ಹಾಲು 720, ಗ್ಯಾಸ್, ಸ್ಕೂಲ್ ವ್ಯಾನು, ಅತ್ತೆಗೆ ಮಾತ್ರೆ 410. ಕೆಳಗೆ ಕೆಂಪು ಶಾಯಿಯಲ್ಲಿ "ಯಾಕೆ?" ಎಂದು ಬರೆದು ಎದುರಿಗೆ 1,150. ಅದು ನಾನು ಷಿಫ್ಟ್ ಮುಗಿಸಿ ಹೋಟೆಲಿನಲ್ಲಿ ತಿಂದ ದುಡ್ಡು. ಆ ಕೆಂಪು ಶಾಯಿ ನಮ್ಮ ಮನೆಯ ಆಡಿಟ್. ಕೆಲಸ ಬಿಡಲು ಎಷ್ಟು ಹಣ ಬೇಕು ಅಂತ ಲೆಕ್ಕ ಹಾಕುವಾಗ ಯಾವ ಕ್ಯಾಲ್ಕುಲೇಟರಿಗಿಂತ ಈ ಪುಸ್ತಕಗಳೇ ಉಪಯೋಗಕ್ಕೆ ಬಂದವು.

ಈಗ ಎಲ್ಲರೂ ಜಗಳ ಆಡುವ ವಿಷಯ, ಮನೆ. 2012ರಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು 32 ಲಕ್ಷಕ್ಕೆ ಫ್ಲಾಟ್ ತೆಗೆದುಕೊಂಡರು. ಸಾಲ 27 ಲಕ್ಷ. ಆಗ ಬಡ್ಡಿ ಶೇ. 10ರ ಮೇಲಿತ್ತು, ಇಎಂಐ 26,000 ಚಿಲ್ಲರೆ. ನಮ್ಮ ದಾಸರಹಳ್ಳಿಯ ಮನೆಯ ಬಾಡಿಗೆ ಆಗ 6,500. ನನಗೂ ಅದೇ ಬಿಲ್ಡಿಂಗಿನಲ್ಲಿ ಒಂದು ತಗೋ ಅಂತ ಬಲವಂತ. ಭಾವ ಅಂತೂ "ಬಾಡಿಗೆ ಕಟ್ಟಿದ ದುಡ್ಡು ನೀರಿಗೆ ಹಾಕಿದ ಹಾಗೆ" ಅಂತ ಹಬ್ಬಕ್ಕೆ ಬಂದಾಗಲೆಲ್ಲ ಹೇಳುತ್ತಿದ್ದರು. ನನ್ನ ಉತ್ತರ ಸರಳವಾಗಿತ್ತು. ಸಾಲದ ಮೊದಲ ವರ್ಷಗಳಲ್ಲಿ ಕಟ್ಟುವ ಇಎಂಐನಲ್ಲಿ ಮುಕ್ಕಾಲು ಪಾಲು ಬಡ್ಡಿ. ಅದು ಯಾವ ಬಾವಿಗೆ ಹೋಯಿತು? ಬಾಡಿಗೆಗೂ ಇಎಂಐಗೂ ಇರುವ ವ್ಯತ್ಯಾಸದಲ್ಲಿ ಕೈಲಾದಷ್ಟನ್ನು ಫಂಡಿಗೆ ಹಾಕುತ್ತಾ ಹೋದೆ. ಊರಿನಲ್ಲಿ ಮನೆ ಇಲ್ಲದಿದ್ದರೆ ಬೇರೆ ಯೋಚನೆ ಮಾಡುತ್ತಿದ್ದೆನೇನೋ. ಆದರೆ ಕೊನೆಗೆ ವಾಸ ಮಾಡದ ಊರಿನಲ್ಲಿ 20 ವರ್ಷ ಸಾಲ ಕಟ್ಟುವುದು ನನಗೆ ಆಗದ ಕೆಲಸ. ಬಿಡುವಾಗ ನಮ್ಮ ಬಾಡಿಗೆ 12,500 ಇತ್ತು, ಅಕ್ಕಪಕ್ಕ ಹದಿನೇಳು ಹದಿನೆಂಟು ನಡೆಯುತ್ತಿತ್ತು. ಮಾಲೀಕರ ಜೊತೆ ನನ್ನದೊಂದು ಒಪ್ಪಂದ ಇತ್ತು. ಅದೇನು ಅಂತ ಇಲ್ಲಿ ಹೇಳುವುದಿಲ್ಲ, ಅದು ನಮ್ಮಿಬ್ಬರ ಮಧ್ಯೆ ಇರಲಿ.

ಕೈ ಕೊಟ್ಟವೂ ಬೇಕಾದಷ್ಟಿವೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು, ಎಲ್ಲೆಲ್ಲೂ ಹತ್ತು ರೂಪಾಯಿ ಯೂನಿಟ್ಟಿನ (ಯೂನಿಟ್ ಅಂದ್ರೆ ಫಂಡಿನ ಒಂದು ಪಾಲು) ಹೊಸ ಫಂಡುಗಳ ಅಬ್ಬರ. ಮೂಲಸೌಕರ್ಯದ ಒಂದು ಫಂಡಿಗೆ 40,000 ಹಾಕಿದೆ, ಅಷ್ಟೂ ಬೋನಸ್ ದುಡ್ಡು. ಅಕ್ಟೋಬರ್‌ಗೆ ಸೆನ್ಸೆಕ್ಸ್ 8,500ರ ಹತ್ತಿರ. ಆ ಫಂಡು ಹಾಕಿದ ದುಡ್ಡಿಗೆ ವಾಪಸ್ ಬಂದದ್ದು 2014ರಲ್ಲಿ. ಅದೇ ಆರು ವರ್ಷ ಮಾಮೂಲಿ ಫಂಡಿನಲ್ಲಿ ತಿಂಗಳು ತಿಂಗಳು ಹಾಕಿದ ದುಡ್ಡು ಚೆನ್ನಾಗಿಯೇ ಬೆಳೆದಿತ್ತು. ಸೆನ್ಸೆಕ್ಸ್ 2008ರಲ್ಲೂ 21,000, 2010ರಲ್ಲೂ 21,000, 2013ರಲ್ಲೂ ಸುಮಾರು ಅಷ್ಟೇ. ಮಾರ್ಕೆಟ್ ಮಲಗಿದ್ದ ಆ ವರ್ಷಗಳಲ್ಲಿ ಕೂಡಿಸಿದ ಯೂನಿಟ್ಟುಗಳೇ ಮುಂದೆ ನನಗೆ ಜಾಸ್ತಿ ಕೊಟ್ಟದ್ದು.

ವಿಮೆ ಪಾಲಿಸಿ ಇನ್ನೊಂದು. ನೆಂಟರ ಪರಿಚಯದ ಏಜೆಂಟರು ಮಾಡಿಸಿದ್ದು, ವರ್ಷಕ್ಕೆ 24,000. ಎಕ್ಸೆಲ್‌ನಲ್ಲಿ ಹಾಕಿ ನೋಡಿದರೆ ಶೇ. 5ರ ಮೇಲೆ ಸ್ವಲ್ಪ ಬರುತ್ತಿತ್ತು. ಪೇಯ್ಡ್ ಅಪ್ ಮಾಡಿಸಿ (ಅಂದ್ರೆ ಮುಂದಿನ ಕಂತು ಕಟ್ಟುವುದು ನಿಲ್ಲಿಸಿ), 50 ಲಕ್ಷದ ಟರ್ಮ್ ಪಾಲಿಸಿ (ಸತ್ತರೆ ಮಾತ್ರ ದುಡ್ಡು ಬರುವ ವಿಮೆ) ತೆಗೆದುಕೊಂಡೆ, ವರ್ಷಕ್ಕೆ ಒಂಬತ್ತು ಸಾವಿರದ ಸುಮಾರು. ಉಳಿದದ್ದು ಫಂಡಿಗೆ. ಚೀಟಿಯಲ್ಲೂ ಪೆಟ್ಟು ತಿಂದೆ. ಬಡಾವಣೆಯಲ್ಲಿ ನಡೆಸುತ್ತಿದ್ದ ಎರಡು ಲಕ್ಷದ ಚೀಟಿ, ನಾನು ಎತ್ತದೆ ಕೊನೆಗೆ ಇಟ್ಟುಕೊಂಡಿದ್ದೆ. ಇನ್ನೇನು ನಾಲ್ಕೈದು ಕಂತು ಅನ್ನುವಾಗ ನಡೆಸುವವರು ಮನೆ ಖಾಲಿ ಮಾಡಿದರು. ಒಂದೂವರೆ ಲಕ್ಷದ ಹತ್ತಿರ ಹೋಯಿತು. ಆ ತಿಂಗಳು ಇಬ್ಬರಿಗೂ ನಿದ್ದೆ ಇಲ್ಲ. ಆದರೂ ಎಸ್‌ಐಪಿ ನಿಲ್ಲಿಸಲಿಲ್ಲ.

ಒಳ್ಳೆಯ ಫಲ ಕೊಟ್ಟ ಸಣ್ಣ ಕೆಲಸಗಳನ್ನೂ ಹೇಳಬೇಕು. 2013ರ ಜನವರಿಯಿಂದ ಡೈರೆಕ್ಟ್ ಪ್ಲಾನ್ ಬಂತು, ಅಂದ್ರೆ ಏಜೆಂಟರ ಕಮಿಷನ್ ಇಲ್ಲದೆ ನೇರವಾಗಿ ಫಂಡು ಕೊಳ್ಳುವುದು. ಆಗ ವರ್ಷ ದಾಟಿದ ಈಕ್ವಿಟಿ (ಷೇರು ಫಂಡಿನ) ಲಾಭಕ್ಕೆ ತೆರಿಗೆಯೇ ಇರಲಿಲ್ಲ, ಹಾಗಾಗಿ ವರ್ಷ ದಾಟಿದ ಯೂನಿಟ್ಟುಗಳನ್ನೆಲ್ಲ ಮಾರಿ ಡೈರೆಕ್ಟ್‌ಗೆ ಹಾಕಿದೆ. ವರ್ಷಕ್ಕೆ ಶೇ. 1ರ ಸುಮಾರು ಕಮಿಷನ್ ಉಳಿಯಿತು. 2018ರಿಂದ ಆ ಲಾಭಕ್ಕೆ ತೆರಿಗೆ ಬಂತು. ಈಗ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಇಲ್ಲ, ಅದರ ಮೇಲೆ ಶೇ. 12.5. ಅದಕ್ಕೇ ಪ್ರತಿ ಮಾರ್ಚ್‌ನಲ್ಲಿ ಆ ಮಿತಿಯೊಳಗೆ ಲಾಭ ಬರುವಷ್ಟು ಮಾರಿ ಮತ್ತೆ ಕೊಳ್ಳುತ್ತೇನೆ. ಪಿಪಿಎಫ್ ದುಡ್ಡು ತಿಂಗಳ 5ನೇ ತಾರೀಖಿನ ಒಳಗೆ ಬೀಳಬೇಕು, 6ಕ್ಕೆ ಹಾಕಿದರೆ ಆ ತಿಂಗಳ ಬಡ್ಡಿ ಇಲ್ಲ. 2016ರಲ್ಲಿ ಗ್ರಾಮಿಗೆ ಮೂರು ಸಾವಿರದ ಆಸುಪಾಸಿನಲ್ಲಿ ಚಿನ್ನದ ಬೆಲೆಗೆ ತಕ್ಕಂತೆ ದುಡ್ಡು ಕೊಡುವ ಸರ್ಕಾರಿ ಚಿನ್ನದ ಬಾಂಡ್ ಸ್ವಲ್ಪ ತೆಗೆದುಕೊಂಡಿದ್ದೆ. ಎಂಟು ವರ್ಷಕ್ಕೆ ದುಪ್ಪಟ್ಟಿಗಿಂತ ಜಾಸ್ತಿ ಬಂತು, ನಡುವೆ ವರ್ಷಕ್ಕೆ ಎರಡು ಸಲ ಬಡ್ಡಿ ಬೇರೆ.

ನಿಜವಾದ ಪರೀಕ್ಷೆ 2020ರ ಮಾರ್ಚ್. ಜನವರಿಯಲ್ಲಿ 42,000ದ ಹತ್ತಿರ ಇದ್ದ ಸೆನ್ಸೆಕ್ಸ್ 26,000ಕ್ಕೆ ಇಳಿಯಿತು. ನನ್ನ ಫಂಡುಗಳು 36 ಲಕ್ಷ ಇದ್ದದ್ದು 23ಕ್ಕೆ ಬಂದವು. ಫ್ಯಾಕ್ಟರಿ ಮುಚ್ಚಿತ್ತು, ಏಪ್ರಿಲ್ ಸಂಬಳ ಅರ್ಧ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಮುಟ್ಟದೆ ಎಷ್ಟು ತಿಂಗಳು ನಡೆಸಬಹುದು?" ಎಫ್‌ಡಿಯಲ್ಲಿ ಎಂಟು ತಿಂಗಳ ಖರ್ಚು ಇತ್ತು. "ಹಾಗಾದ್ರೆ ಇರಲಿ ಬಿಡಿ" ಅಂದಳು. ಇದ್ದದ್ದು ಹಾಗೇ ಇತ್ತು, ಎಸ್‌ಐಪಿಯೂ ನಡೆಯಿತು, ಮೇಲೆ ಎರಡು ಸಲ ಇಪ್ಪತ್ತಿಪ್ಪತ್ತು ಸಾವಿರ ಹಾಕಿದೆ. ಜೊತೆಗಿದ್ದವರಲ್ಲಿ ಮಾರಿ ಹೊರಬಂದವರು ಮತ್ತೆ ಒಳಗೆ ಹೋಗಲೇ ಇಲ್ಲ. ಈ ವಿಷಯದಲ್ಲಿ ನನಗೆ ಹೆಮ್ಮೆ ಇದೆ, ಹೇಳಿಕೊಳ್ಳುತ್ತೇನೆ.

ನಡುವೆ ಕೊಬ್ಬರಿ ಪ್ರಯೋಗವೂ ನಡೆಯಿತು. ತಿಪಟೂರಿನವನಾಗಿ ಕೊಬ್ಬರಿ ವ್ಯಾಪಾರ ಮಾಡದಿದ್ದರೆ ಹೇಗೆ? 2022ರಲ್ಲಿ ಮೂರು ಸಾವಿರ ಕಾಯಿ ಕೊಂಡು ಅಟ್ಟಕ್ಕೆ ಹಾಕಿಸಿದೆ. ಉಂಡೆ ಕೊಬ್ಬರಿ ಆಗಲು ಹತ್ತು ಹನ್ನೊಂದು ತಿಂಗಳು ಬೇಕು. ನೀರು ಪೂರ್ತಿ ಇಂಗಿ, ಕಾಯಿ ಅಲ್ಲಾಡಿಸಿದರೆ ಒಳಗೆ ಉಂಡೆ ಲೊಟ ಲೊಟ ಅನ್ನಬೇಕು. ಅಮ್ಮ ಕಿವಿಯ ಹತ್ತಿರ ಹಿಡಿದು ಒಂದೊಂದಾಗಿ ಬೇರೆ ಮಾಡುತ್ತಿದ್ದರು. ಕೌಟು (ಕೆಟ್ಟು ಹೋದ ಕೊಬ್ಬರಿ) ಬಂದದ್ದು ಒಂದು ರಾಶಿ. ಅಟ್ಟದಿಂದ ಇಳಿಸುವ ಹೊತ್ತಿಗೆ 2023, ಕ್ವಿಂಟಲ್ಲಿಗೆ ಎಂಟು ಸಾವಿರದ ಸುಮಾರು. ಬೆಂಬಲ ಬೆಲೆ 11,750 ಇತ್ತು, ಮಾರುಕಟ್ಟೆ ಅದಕ್ಕಿಂತ ತುಂಬ ಕೆಳಗೆ. ಹತ್ತು ಹನ್ನೆರಡು ಸಾವಿರ ನಷ್ಟ. ಅದೇ ಕೊಬ್ಬರಿ 2025ರಲ್ಲಿ 25,000 ದಾಟಿತು. ಅಷ್ಟು ಹೊತ್ತಿಗೆ ಅಟ್ಟದಲ್ಲಿದ್ದದ್ದು ನಮ್ಮ ಮರಗಳ ಕಾಯಿ ಮಾತ್ರ. ಅದರಿಂದ ಬಂದದ್ದು ಸಂತೋಷವೇ, ಆದರೆ ತಿಂಗಳ ಖರ್ಚಿನ ಲೆಕ್ಕಕ್ಕೆ ತೆಂಗಿನ ಆದಾಯವನ್ನು ನಾನು ಸೇರಿಸಿಯೇ ಇಲ್ಲ. ಬೆಲೆ ಹೀಗೆ ಕುಣಿಯುವುದನ್ನು ನಂಬಿ ಯಾರೂ ಕೆಲಸ ಬಿಡಬಾರದು.

ಬಿಡುವ ಮೊದಲಿನ ಮೂರು ವರ್ಷ ಪೂರ್ತಿ ತಯಾರಿಗೇ ಹೋಯಿತು. ಮೊದಲು ಆರೋಗ್ಯ ವಿಮೆ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ನಲವತ್ತೈದು ದಾಟಿದ ಮೇಲೆ, ಬಿಪಿ ಶುರುವಾದ ಮೇಲೆ ಹೊಸ ಪಾಲಿಸಿಗೆ ಹೋದರೆ ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಾಯುವ ಅವಧಿ ಇರುತ್ತದೆ. ಹಾಗಾಗಿ ಕೆಲಸದಲ್ಲಿದ್ದಾಗಲೇ ಮನೆಯವರಿಗೆಲ್ಲ ಸೇರಿ ಹತ್ತು ಲಕ್ಷದ ಪಾಲಿಸಿ, ಅದರ ಮಿತಿ ಮೀರಿದ ಖರ್ಚಿಗೆ ಮೇಲೊಂದು ಸೂಪರ್ ಟಾಪ್ ಅಪ್ ಪಾಲಿಸಿ ಮಾಡಿಸಿ ಆ ಅವಧಿ ಮುಗಿಸಿಕೊಂಡೆ. ಮಗಳ ಓದಿಗೆ 2015ರಿಂದಲೇ ಸುಕನ್ಯಾ ಸಮೃದ್ಧಿ ಬೇರೆ ನಡೆಯುತ್ತಿದೆ, ಅದು ಈ ಲೆಕ್ಕದಲ್ಲಿಲ್ಲ.

ಬಿಟ್ಟ ದಿನದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಫಂಡುಗಳು 95 ಲಕ್ಷ, ಪಿಎಫ್ ಸುಮಾರು 30, ಪಿಪಿಎಫ್‌ನಿಂದ ಬಂದದ್ದು 22, ಗ್ರಾಚುಟಿ ಐದೂವರೆ, ಎಫ್‌ಡಿ ಮತ್ತು ಲಿಕ್ವಿಡ್ ಫಂಡು (ಬೇಕೆಂದಾಗ ಬೇಗ ತೆಗೆಯಬಹುದಾದ ಫಂಡು) ಹತ್ತು ಹನ್ನೊಂದು. ಒಟ್ಟು 1.6 ಕೋಟಿ ದಾಟಿತ್ತು. ಊರಿನ ಖರ್ಚು ತಿಂಗಳಿಗೆ 35,000, ಅಂದ್ರೆ ವರ್ಷಕ್ಕೆ 4.2 ಲಕ್ಷ. ಕೈಲಿದ್ದದ್ದು ವರ್ಷದ ಖರ್ಚಿನ 35 ಪಟ್ಟಿಗಿಂತ ಜಾಸ್ತಿ. ಎಲ್ಲರೂ 25 ಪಟ್ಟು ಸಾಕು ಅನ್ನುತ್ತಾರೆ. ಅದು ಅಮೆರಿಕದ 30 ವರ್ಷದ ಲೆಕ್ಕ. ನನಗೆ 40 ವರ್ಷ ಬೇಕು, ನಮ್ಮ ಬೆಲೆ ಏರಿಕೆಯೂ ಬೇರೆ.

ಪಿಪಿಎಫ್ ಮುಗಿದ ದುಡ್ಡಿನಲ್ಲಿ 15 ಲಕ್ಷವನ್ನು ಹೆಂಡತಿ ಜೊತೆ ಜಂಟಿಯಾಗಿ ಪೋಸ್ಟ್ ಆಫೀಸಿನ ಮಾಸಿಕ ಆದಾಯ ಯೋಜನೆಗೆ ಹಾಕಿದೆ. ಶೇ. 7.4ರಂತೆ ತಿಂಗಳಿಗೆ 9,250 ತಪ್ಪದೆ ಬರುತ್ತದೆ. ಉಳಿದ 25,750, ಮೂರು ತಿಂಗಳಿಗೊಮ್ಮೆ ಮುಗಿಯುವ ಹಾಗೆ ಮಾಡಿದ ಎಫ್‌ಡಿಗಳಿಂದ. ತಿಂಗಳ ಒಂದನೇ ತಾರೀಖು ಹೆಂಡತಿಯ ಖಾತೆಗೆ 35,000 ಸಂಬಳದಂತೆ ಬೀಳುತ್ತದೆ. ಪುಸ್ತಕ ಈಗಲೂ ಅವಳೇ ಬರೆಯುತ್ತಾಳೆ. ಪಿಎಫ್ ಮುಟ್ಟಿಲ್ಲ. ಅದಕ್ಕೆ ಬಡ್ಡಿ ಬರುತ್ತಿದೆ, ಕೆಲಸ ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆ ಇದೆ ಅನ್ನುವುದು ನೆನಪಿರಲಿ. 58ಕ್ಕೆ ಬರುವ ಪಿಎಫ್ ಪಿಂಚಣಿ ಮೂರು ಸಾವಿರ ಚಿಲ್ಲರೆ, ಅದನ್ನು ಲೆಕ್ಕಕ್ಕೆ ಇಟ್ಟಿಲ್ಲ. ಷೇರು ಫಂಡಿನಿಂದ ಎಫ್‌ಡಿಗೆ ಯಾವಾಗ, ಎಷ್ಟು ದಾಟಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಸೂತ್ರ ಇದೆ. ಇನ್ನೊಂದು ದೊಡ್ಡ ಕುಸಿತದಲ್ಲಿ ಅದು ಗೆದ್ದ ಮೇಲೆ ಬರೆಯುತ್ತೇನೆ.

ಮೊದಲ ವರ್ಷ ಅಂದಾಜು ಮೀರಿ 4.6 ಲಕ್ಷ ಖರ್ಚಾಯಿತು. ಮಳೆಗಾಲಕ್ಕೆ ಮುಂಚೆ ಹೆಂಚು ಇಳಿಸಿ ರೀಪು ಬದಲಾಯಿಸಿದ್ದು, ಬೋರಿನ ಮೋಟಾರು ಸುಟ್ಟದ್ದು, ಎರಡೂ ಒಟ್ಟಿಗೆ ಬಂದವು. ಹಳೆಯ ಮನೆಗೆ ವಾಪಸ್ ಹೋಗುವವರು ಇದಕ್ಕೊಂದು 50,000 ಬೇರೆ ಇಟ್ಟುಕೊಳ್ಳಿ.

ಷಿಫ್ಟ್‌ನಲ್ಲಿದ್ದ ಒಬ್ಬ ಹುಡುಗ ಈಗಲೂ ಫೋನ್ ಮಾಡುತ್ತಾನೆ. ಸಂಬಳ 24,000, ವಯಸ್ಸು ಇಪ್ಪತ್ತಮೂರೋ ನಾಲ್ಕೋ. "ಅಣ್ಣ, ನಾನೆಲ್ಲಿಂದ ಶುರು ಮಾಡ್ಲಿ?" ಅಂದ. ಮೂರು ತಿಂಗಳ ಖರ್ಚಿನಷ್ಟು ಕೂಡುವವರೆಗೆ ತಿಂಗಳಿಗೆ 3,000 ಆರ್‌ಡಿ (ತಿಂಗಳ ಕಂತಿನ ಠೇವಣಿ) ಕಟ್ಟು ಅಂದೆ. ಪಿಪಿಎಫ್‌ಗೆ ವರ್ಷಕ್ಕೆ 500 ಸಾಕು, ಖಾತೆ ಮಾತ್ರ ಇವತ್ತೇ ತೆರೆ, 15 ವರ್ಷದ ಲೆಕ್ಕ ಈಗಿಂದಲೇ ಓಡಲಿ. ಆರ್‌ಡಿ ತುಂಬಿದ ತಿಂಗಳಿಂದ ಅದೇ 3,000 ನಿಫ್ಟಿ ಇಂಡೆಕ್ಸ್ ಫಂಡಿನ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕವನ್ನು ಹಾಗೇ ಹಿಂಬಾಲಿಸುವ ಫಂಡು) ಡೈರೆಕ್ಟ್ ಪ್ಲಾನಿಗೆ. ಬೈಕಿನ ಸಾಲ ಇದ್ದರೆ ಮೊದಲು ಅದನ್ನು ಮುಗಿಸು. ಹೋದ ತಿಂಗಳು ಅವನಿಗೆ 1,800 ಇನ್‌ಕ್ರಿಮೆಂಟ್ ಆಯಿತಂತೆ. ನಾನು ಕೇಳುವ ಮೊದಲೇ ಎಸ್‌ಐಪಿ 1,100 ಏರಿಸಿದೆ ಅಂತ ಮೆಸೇಜ್ ಹಾಕಿದ್ದ.