ಇಸ್ಪೀಟೆಲೆ ಶಫಲ್ ಮಾಡುವುದು ಹೇಗೆ? ಎಷ್ಟು ಸಲ?

ಮದುವೆ ಮನೆಯಲ್ಲಿ ರಮ್ಮಿಗೆ ಕುಳಿತವರನ್ನು ಗಮನಿಸಿ. ಎಲೆ ಕಲಸುವವರು ಮಾತಾಡುತ್ತಲೇ ಎರಡು ಮೂರು ಸಲ ಕೈಯಾಡಿಸಿ ಹಂಚಿಬಿಡುತ್ತಾರೆ. ಕಳೆದ ಆಟದಲ್ಲಿ ಜೋಡಿಸಿದ್ದ ಸೆಟ್ಟು, ಸೀಕ್ವೆನ್ಸುಗಳು ಅಲ್ಲಲ್ಲೇ ಗುಂಪಾಗಿ ಉಳಿದಿರುತ್ತವೆ. ಇದು ಶಫಲ್ ಮಾಡಿದ ಶಾಸ್ತ್ರ ಅಷ್ಟೇ. ಹಿಂದಿನ ಕ್ರಮದ ಸುಳಿವೇ ಸಿಗದಷ್ಟು ಎಲೆಗಳು ಬೆರೆತರೆ ಮಾತ್ರ ಆಟಕ್ಕೆ ಅರ್ಥ.

ಮೊದಲು ಎಲೆ ಎಣಿಸಿ. ಜೋಕರ್ ಬಿಟ್ಟು 52 ಇರಬೇಕು. ಎಲ್ಲವನ್ನೂ ಮಗುಚಿ ಇಡಿ. ಅಂಟಂಟಾದ ಹಳೇ ಎಲೆಗಳಾದರೆ ಹೊಸ ಪ್ಯಾಕ್ ತನ್ನಿ. ಅಂಟುವ ಎಲೆಗಳು ಏನು ಮಾಡಿದರೂ ಬೇರೆಯಾಗುವುದಿಲ್ಲ.

ಈಗ ಕಟ್ಟನ್ನು ಹೆಚ್ಚುಕಡಿಮೆ ಅರ್ಧಕ್ಕೆ ಒಡೆಯಿರಿ. ಎರಡನ್ನೂ ಜಮಖಾನದ ಮೇಲೆ ಅಕ್ಕಪಕ್ಕ ಇಟ್ಟು, ಒಳಗಡೆಯ ಮೂಲೆಗಳನ್ನು ಹತ್ತಿರ ತನ್ನಿ. ಹೆಬ್ಬೆರಳುಗಳಿಂದ ಆ ಮೂಲೆಗಳನ್ನು ಸ್ವಲ್ಪ ಎತ್ತಿ, ಉಳಿದ ಬೆರಳುಗಳಿಂದ ಕಟ್ಟು ಜಾರದಂತೆ ಹಿಡಿಯಿರಿ. ಹೆಬ್ಬೆರಳು ಮೆಲ್ಲಗೆ ಸಡಿಲಿಸಿದರೆ ಎರಡೂ ಕಡೆಯ ಎಲೆಗಳು ಪರಪರ ಬಿದ್ದು ಒಂದರೊಳಗೊಂದು ಸೇರುತ್ತವೆ. ಒಳಕ್ಕೆ ತಳ್ಳಿ ಒಂದೇ ಕಟ್ಟು ಮಾಡಿ. ಇದೇ ರಿಫಲ್ ಶಫಲ್. ಶುರುವಿನಲ್ಲಿ ಎಲೆಗಳು ಹಾರಿ ಚೆಲ್ಲಾಪಿಲ್ಲಿಯಾಗುತ್ತವೆ, ಆಗಲಿ ಬಿಡಿ.

ಹೀಗೆ ಏಳು ಸಲ ಮಾಡಿ. ಈ ಏಳು ಸುಮ್ನೆ ಬಂದದ್ದಲ್ಲ. 1992ರಲ್ಲಿ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಡಯಾಕೊನಿಸ್ ಹುಡುಗನಾಗಿದ್ದಾಗ ಮನೆ ಬಿಟ್ಟು ಜಾದೂಗಾರನೊಬ್ಬನ ಹಿಂದೆ ಹೋದವರು, ಎಲೆಯ ಮರ್ಮ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ!

ಐದು ಸಲ ಯಾಕೆ ಸಾಲದು ಅನ್ನುವುದು ನಮಗೂ ಅರ್ಥವಾಗುತ್ತದೆ. ಎಲೆಗಳಿಗೆ 1ರಿಂದ 52ರವರೆಗೆ ನಂಬರ್ ಕೊಡಿ. ಒಂದು ರಿಫಲ್ ಆದ ಮೇಲೂ ಆಯಾ ಅರ್ಧದೊಳಗಿನ ಕ್ರಮ ಕೆಡುವುದಿಲ್ಲ. ಹಾಗಾಗಿ ಇಡೀ ಕಟ್ಟಿನಲ್ಲಿ ಎರಡು ಏರುಸಾಲುಗಳು, ಅಂದರೆ ನಂಬರ್ ಒಂದೊಂದಾಗಿ ಏರುತ್ತಾ ಹೋಗುವ ಸಾಲುಗಳು, ಹೆಣೆದುಕೊಂಡಿರುತ್ತವೆ. ಎರಡನೇ ಸಲಕ್ಕೆ ಹೆಚ್ಚೆಂದರೆ 4, ಆಮೇಲೆ 8, 16, ಐದಕ್ಕೆ 32. ಕಟ್ಟಿನ ಕ್ರಮ ಪೂರ್ತಿ ತಲೆಕೆಳಗಾಗಿ 52ರಿಂದ 1ಕ್ಕೆ ಇಳಿಯಬೇಕಾದರೆ 52 ಸಾಲು ಬೇಕು. ಅಂದರೆ ಐದು ಸಲದಲ್ಲಿ ಕೆಲವು ಜೋಡಣೆಗಳು ಬರಲು ಸಾಧ್ಯವೇ ಇಲ್ಲ.

ತೀರಾ ಅಚ್ಚುಕಟ್ಟುತನವೂ ಬೇಡ. ಪ್ರತಿಸಲ ಸರಿಯಾಗಿ 26-26 ಒಡೆದು, ಮೇಲಿನ ಎಲೆ ಮೇಲೇ ಉಳಿಯುವಂತೆ ಆ ಕಡೆಯದೊಂದು ಈ ಕಡೆಯದೊಂದು ಸೇರಿಸಿದರೆ, ಎಂಟನೇ ಸಲಕ್ಕೆ ಕಟ್ಟು ಮೊದಲಿದ್ದ ಹಾಗೆಯೇ ಆಗುತ್ತದೆ! ಪಳಗಿದ ಜಾದೂಗಾರರಿಗೆ ಇದು ಗೊತ್ತು. ನಮ್ಮ ಒಡ್ಡು ಕೈಗೆ ಆ ಭಯವಿಲ್ಲ.

ಕೈಯಲ್ಲೇ ಹಿಡಿದು ಗೊಂಚಲು ಗೊಂಚಲಾಗಿ ಕಲಸುತ್ತೇವಲ್ಲ, ಅದನ್ನು ನಂಬಬೇಡಿ. ಅದರಲ್ಲಿ ಕಟ್ಟು ಸರಿಯಾಗಿ ಬೆರೆಯಲು ಸಾವಿರಾರು ಸಲ ಬೇಕು. ರಿಫಲ್ ಬಾರದಿದ್ದರೆ ಎಲೆಗಳನ್ನೆಲ್ಲ ನೆಲಕ್ಕೆ ಹರಡಿ, ಎರಡೂ ಅಂಗೈಯಲ್ಲಿ ಒಂದು ನಿಮಿಷವಾದರೂ ಸುತ್ತಾಡಿಸಿ. ಮಕ್ಕಳಾಟದಂತೆ ಕಂಡರೂ ಇದು ಒಳ್ಳೆಯ ದಾರಿ, ಕ್ಯಾಸಿನೊಗಳಲ್ಲೂ ಹೊಸ ಎಲೆಗಳನ್ನು ಹೀಗೆ ಕಲಸುವುದುಂಟು.

ರಮ್ಮಿಗೆ ಎರಡು ಪ್ಯಾಕ್ ಸೇರಿಸಿದ್ದರೆ ಇನ್ನೂ ಒಂದೆರಡು ಸಲ ಜಾಸ್ತಿ ರಿಫಲ್ ಮಾಡಿ. ಕೊನೆಗೆ ಪಕ್ಕದವರಿಂದ ಕಟ್ ಮಾಡಿಸಿ ಹಂಚಿ. ಕಟ್ ಮಾಡಿದರೆ ಎಲೆ ಬೆರೆಯುವುದಿಲ್ಲ. ಕಲಸಿದವರು ಮೇಲೆ ಯಾವುದಾದರೂ ಎಲೆ ಇಟ್ಟುಕೊಂಡಿದ್ದರೆ ಅದು ಎಲ್ಲೋ ನಡುವೆ ಹೋಗುತ್ತದೆ, ಅಷ್ಟೇ.