ಫಿಲಿಪ್ಪೀನ್ಸ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಮತವಿಲ್ಲದವರ ಹೊಣೆಗಳು

ವೈದ್ಯಕೀಯ ಓದಿಗೆಂದು ದಾವಾವೊಗೆ, ಕಂಪನಿ ಕೆಲಸಕ್ಕೆಂದು ಮಕಾಟಿಗೋ ಸೆಬುವಿಗೋ ಬರುವ ನಮ್ಮವರು ಮೊದಲು ಕೇಳುವುದು ವೀಸಾದ ಬಗ್ಗೆ, ಆಮೇಲೆ ಬಾಡಿಗೆ ಮನೆ ಮತ್ತು ತೊಗರಿಬೇಳೆಯ ಬಗ್ಗೆ. ಇವುಗಳಿಗೆ ಉತ್ತರ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಇಲ್ಲಿನ ಪ್ರಜೆಗಳು ದಿನನಿತ್ಯ ಪಾಲಿಸುವ ಕಾನೂನಿನ, ಊರಿನ ಮತ್ತು ಪರಿಸರದ ಹೊಣೆಗಳಲ್ಲಿ ನಮ್ಮ ಪಾಲು ಎಷ್ಟು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಮತದಾನ ಮತ್ತು ರಾಜಕೀಯವನ್ನು ಬಿಟ್ಟರೆ ಬಹುಪಾಲು ಎಲ್ಲವೂ ನಮ್ಮ ಪಾಲಿಗೂ ಬರುತ್ತವೆ ಎಂಬುದು ಇಲ್ಲಿ ನೆಲೆನಿಂತಿರುವ ನನ್ನ ದೃಢವಾದ ಅಭಿಪ್ರಾಯ.

ಕಾಗದಪತ್ರಗಳ ವಿಷಯವನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. ಎಸಿಆರ್ ಐ-ಕಾರ್ಡ್, ಅಂದರೆ ವಿದೇಶೀಯರ ನೋಂದಣಿ ಚೀಟಿ, ಪಡೆದವರು ಪ್ರತಿ ವರ್ಷದ ಮೊದಲ 60 ದಿನಗಳೊಳಗೆ ವಲಸೆ ಇಲಾಖೆಗೆ ವಾರ್ಷಿಕ ವರದಿ ಒಪ್ಪಿಸಿ ರಸೀದಿಯನ್ನು ಜೋಪಾನವಾಗಿಡಬೇಕು; ಮಗು ಇಲ್ಲಿ ಹುಟ್ಟಿದರೆ 30 ದಿನಗಳೊಳಗೆ ಸ್ಥಳೀಯ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿಯೂ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿಯೂ ಜನನವನ್ನು ನೋಂದಾಯಿಸಬೇಕು.

ಇನ್ನು ಬರಂಗಾಯ್. ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಇದು ಆಡಳಿತದ ಕಟ್ಟಕಡೆಯ ಘಟಕ. ಆದರೆ ಹಳ್ಳಿಗಷ್ಟೇ ಸೀಮಿತವಲ್ಲ, ಮನಿಲಾದ ನಡುಮಧ್ಯದ ಗಲ್ಲಿಯೂ ಒಂದು ಬರಂಗಾಯ್‌ಗೆ ಸೇರಿರುತ್ತದೆ. ದೇಶದಲ್ಲಿ ಇಂಥವು 42,000ಕ್ಕೂ ಹೆಚ್ಚಿವೆ. ಜನರು ಕಪಿತಾನ್ ಎಂದು ಕರೆಯುವ ಮುಖ್ಯಸ್ಥರು, ಕಗವಾದ್ ಎಂಬ ಏಳು ಮಂದಿ ಚುನಾಯಿತ ಸದಸ್ಯರು, ರಾತ್ರಿ ಗಸ್ತು ತಿರುಗುವ ತಾನೋದ್‌ಗಳು ಇರುವ ಈ ಸಣ್ಣ ಕಚೇರಿಗೆ ನಮ್ಮವರು ಹೋಗುವುದು ವಾಸದ ದೃಢೀಕರಣ ಪತ್ರ ಬೇಕಾದಾಗ ಮಾತ್ರ. ಹಾಗೆ ಮಾಡಬೇಡಿ. ಮನೆ ಹಿಡಿದ ವಾರದಲ್ಲಿಯೇ ಸಂಸಾರ ಸಮೇತ ಹೋಗಿ ಪರಿಚಯ ಹೇಳಿಕೊಳ್ಳಿ. ನಿಮಗಿಂತ ದೊಡ್ಡವರನ್ನು ಕುಯಾ (ಅಣ್ಣ), ಆತೆ (ಅಕ್ಕ) ಎಂದು ಕರೆಯಿರಿ, ಮಾತಿಗೆ ಗೌರವದ ‘ಪೊ’ ಸೇರಿಸಿ. ಯಾವ ದಿನ ಯಾವ ಕಸ, ಮಳೆ ಹೆಚ್ಚಾದರೆ ಸೇರಬೇಕಾದ ಆಶ್ರಯ ಯಾವುದು, ನಾಯಿ ಸಾಕುವುದಕ್ಕೆ ಏನು ನಿಯಮ ಎಂಬುದನ್ನು ಅಲ್ಲಿಯೇ ಕೇಳಿಕೊಳ್ಳಿ.

ಕಸದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮವರ ಮೇಲೆ ನೆರೆಹೊರೆಯವರು ಮನಸ್ಸಿನಲ್ಲಿಯೇ ನೊಂದುಕೊಳ್ಳುವುದು ಹೆಚ್ಚಾಗಿ ಇದರಿಂದಲೇ. 2000ದ ಜುಲೈ 10ರಂದು ಕೇಸೋನ್ ಸಿಟಿಯ ಪಯಾತಾಸ್‌ನಲ್ಲಿ ಮಳೆಗೆ ನೆನೆದ ಕಸದ ಬೆಟ್ಟ ಕುಸಿದು, ಅದರ ಬುಡದಲ್ಲಿ ಕಸ ಆಯ್ದು ಬದುಕುತ್ತಿದ್ದ ಇನ್ನೂರಕ್ಕೂ ಹೆಚ್ಚು ಜನರು ಜೀವಂತ ಸಮಾಧಿಯಾದರು. ಆರು ತಿಂಗಳ ಬಳಿಕ, 2001ರ ಜನವರಿಯಲ್ಲಿ, ಕಸ ನಿರ್ವಹಣೆಯ 9003ನೆಯ ಕಾನೂನಿಗೆ ಅಂಕಿತ ಬಿದ್ದಿತು. ಅದರ ಪ್ರಕಾರ ಕಸವನ್ನು ಹುಟ್ಟಿದ ಜಾಗದಲ್ಲಿಯೇ, ಅಂದರೆ ನಮ್ಮ ಅಡುಗೆಮನೆಯಲ್ಲಿಯೇ, ಬೇರ್ಪಡಿಸಬೇಕು. ಕೊಳೆಯುವುದನ್ನೂ ಮರುಬಳಕೆಯಾಗುವುದನ್ನೂ ಸಾಗಿಸುವುದು ಬರಂಗಾಯ್‌ನ ಕೆಲಸ. ಉಳಿದದ್ದನ್ನೂ ಬ್ಯಾಟರಿ, ಬಲ್ಬಿನಂಥ ಅಪಾಯಕಾರಿ ವಸ್ತುಗಳನ್ನೂ ಸಾಗಿಸುವುದು ನಗರಾಡಳಿತದ ಕೆಲಸ. ಬೀದಿಯಲ್ಲಿ ಕಸ ಎಸೆದವರಿಗೆ 300ರಿಂದ 1,000 ಪೆಸೊ ದಂಡ ಅಥವಾ ಒಂದರಿಂದ 15 ದಿನಗಳ ಸಮುದಾಯ ಸೇವೆಯ ಶಿಕ್ಷೆಯಿದೆ. ಬೆಂಗಳೂರಿನ ಕಸ ಸುರಿಸಿಕೊಂಡು ಮಾವಳ್ಳಿಪುರ, ಮಂಡೂರಿನ ಜನರು ಪಟ್ಟ ಪಾಡನ್ನು ಬಲ್ಲ ನಮಗೆ ಈ ಕಾನೂನಿನ ಹಿಂದಿನ ನೋವು ಬಿಡಿಸಿ ಹೇಳಬೇಕಾದದ್ದಲ್ಲ.

ಆದರೂ ಆಗುತ್ತಿರುವುದೇನು? ಮಿಕ್ಕ ಸಾರು, ಹಿಂಡಿದ ಹುಣಸೆಹಣ್ಣಿನ ಸಿಪ್ಪೆ, ಫಿಲ್ಟರಿನ ಕಾಫಿ ಚರಟ, ಒಡೆದ ಗಾಜಿನ ಲೋಟ, ಮಗುವಿನ ಡಯಾಪರ್ ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಸಿಕೊಂಡು ಕಾಂಡೋಮಿನಿಯಮ್ಮಿನ ಕಸದ ಕೋಣೆ ಸೇರುತ್ತವೆ. ಬಾಗಿಲು ಮುಚ್ಚಿದ ಮೇಲೆ ಅದು ನಮ್ಮದಲ್ಲ ಎಂಬ ಭಾವನೆ. ಆ ಚೀಲವನ್ನು ಬಿಚ್ಚಿ ಬರಿಗೈಯಲ್ಲಿ ವಿಂಗಡಿಸುವ ಮನುಷ್ಯನೊಬ್ಬನಿದ್ದಾನೆ, ಸಾರು ಸುರಿಯುವುದು ಅವನ ಕಾಲ ಮೇಲೆ, ಗಾಜು ಚುಚ್ಚುವುದು ಅವನ ಬೆರಳಿಗೆ. ಅಡುಗೆಮನೆಯಲ್ಲಿ ಮುಚ್ಚಳವಿರುವ ಒಂದು ಡಬ್ಬಿಯನ್ನು ಹಸಿ ಕಸಕ್ಕೇ ಮೀಸಲಿಡಿ. ನೀರು ಬಸಿದು ಹಾಕಿ. ಬಾಟಲಿಗಳನ್ನು ತೊಳೆದು ಒಣಗಿಸಿ, ಹಳೆಯ ಪತ್ರಿಕೆ, ರಟ್ಟುಗಳ ಜೊತೆಗೆ ತಳ್ಳುಗಾಡಿಯಲ್ಲಿ ಬರುವ ಗುಜರಿಯವರಿಗೆ ಕೊಡಿ. ಅದರಿಂದ ಒಂದು ಸಂಸಾರದ ಒಂದು ಹೊತ್ತಿನ ಊಟವಾಗುತ್ತದೆ. ಮೂಲೆಯಂಗಡಿಗಳಲ್ಲಿ ಸಿಗುವ ಪುಟ್ಟ ಸ್ಯಾಶೆಗಳನ್ನು ಸಾಧ್ಯವಾದಷ್ಟು ಕೊಳ್ಳಬೇಡಿ. ಅವನ್ನು ಗುಜರಿಯವರು ಮುಟ್ಟುವುದಿಲ್ಲ, ಅವು ಊರಿನ ಕಾಲುವೆ ಸೇರುತ್ತವೆ. ದೊಡ್ಡ ಕಂಪನಿಗಳು ತಮ್ಮ ಪ್ಲಾಸ್ಟಿಕ್ ಹೊದಿಕೆಯ ಶೇಕಡಾ 80ರಷ್ಟನ್ನು 2028ರ ವೇಳೆಗೆ ಮರಳಿ ಸಂಗ್ರಹಿಸಬೇಕೆಂದು 2022ರ ಕಾನೂನು ಹೇಳುತ್ತದೆ. ಹಾಗೆಂದು ನಾವು ಅಲ್ಲಿಯವರೆಗೆ ಕೈಕಟ್ಟಿ ಕೂರುವಂತಿಲ್ಲ.

ಅಂಗಳ ಗುಡಿಸಿ ತರಗೆಲೆಗೆ ಬೆಂಕಿಯಿಡುವುದು, ಹಂಡೆಯೊಲೆಗೆ ತೆಂಗಿನ ಸೋಗೆಯ ಜೊತೆ ಕೈಗೆ ಸಿಕ್ಕ ಕಾಗದ, ಕವರುಗಳನ್ನೂ ತುರುಕುವುದು ನಮ್ಮೂರ ರೂಢಿ. ಇಲ್ಲಿ ಕಸವನ್ನು ಬಯಲಲ್ಲಿ ಸುಡುವುದು ಅದೇ 9003ನೆಯ ಕಾನೂನಿನಡಿ ಅಪರಾಧ. ದಂಡವಲ್ಲದೆ ಸೆರೆವಾಸವೂ ಆಗಬಹುದು. ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಿ. ದೀಪಾವಳಿಗೆ ಮನೆಯ ಮುಂದೆ ಪಟಾಕಿ ಹಚ್ಚಬೇಡಿ, 2017ರ ಅಧ್ಯಕ್ಷೀಯ ಆದೇಶವೊಂದು ಸಿಡಿಮದ್ದನ್ನು ಅನುಮತಿ ಪಡೆದ ಸಾಮೂಹಿಕ ಪ್ರದರ್ಶನಗಳಿಗೆ ಸೀಮಿತಗೊಳಿಸಿದೆ. ಗಣಪತಿಯನ್ನು ಬಣ್ಣವಿಲ್ಲದ ಜೇಡಿಮಣ್ಣಿನಲ್ಲಿ ಮಾಡಿ, ಬಕೆಟ್ಟಿನಲ್ಲಿ ಬಿಟ್ಟು, ಆ ನೀರನ್ನು ಗಿಡಗಳಿಗೆ ಹಾಕಿ. ಮನಿಲಾ ಕೊಲ್ಲಿಗಾಗಲಿ ಪಾಸಿಗ್ ನದಿಗಾಗಲಿ ಒಯ್ಯಬೇಡಿ.

ಮನಿಲಾ ಕೊಲ್ಲಿಯ ಮಾತು ಬಂದದ್ದರಿಂದ, ಭಾರತೀಯರಾದ ನಾವು ತಿಳಿದಿರಬೇಕಾದ ಸಂಗತಿಯೊಂದಿದೆ. ಆ ಕೊಲ್ಲಿಯ ನೀರನ್ನು ಈಜಲು ಯೋಗ್ಯವಾಗುವಂತೆ ಶುಚಿಗೊಳಿಸಿ, ಅದು ಹಾಗೆಯೇ ಉಳಿಯುವಂತೆ ನೋಡಿಕೊಳ್ಳಬೇಕೆಂದು 2008ರ ಡಿಸೆಂಬರ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಸರ್ಕಾರಿ ಇಲಾಖೆಗಳಿಗೆ ಆಜ್ಞಾಪಿಸಿದಾಗ, ಕೆಲಸ ಮುಗಿಯುವವರೆಗೂ ನ್ಯಾಯಾಲಯವೇ ನಿಗಾ ಇಡುವ ವಿಧಾನಕ್ಕೆ ಹವಾಲಾ ಹಗರಣದ ತನಿಖೆಗೆ ಸಂಬಂಧಿಸಿದ ನಮ್ಮ ಸುಪ್ರೀಂ ಕೋರ್ಟಿನ ವಿನೀತ್ ನಾರಾಯಣ್ ಪ್ರಕರಣವನ್ನು ಉಲ್ಲೇಖಿಸಿತು. ಮೊಕದ್ದಮೆ ಹೂಡಿದವರು ಸಾಮಾನ್ಯ ನಿವಾಸಿಗಳು. ಅದಕ್ಕೂ ಮೊದಲು, 1993ರ ಒಪೋಸಾ ಪ್ರಕರಣದಲ್ಲಿ, ಕಾಡು ಕಡಿಯುವ ಪರವಾನಗಿಗಳ ವಿರುದ್ಧ ಮಕ್ಕಳು ತಮ್ಮ ತಂದೆತಾಯಿಗಳ ಮೂಲಕ ನ್ಯಾಯಾಲಯದ ಮೆಟ್ಟಿಲೇರಿದರು. ಇನ್ನೂ ಹುಟ್ಟದ ತಲೆಮಾರಿನ ಪರವಾಗಿಯೂ ಆ ಮಕ್ಕಳು ದಾವೆ ಹೂಡಬಹುದೆಂದು ನ್ಯಾಯಾಲಯ ಒಪ್ಪಿತು. ಸಮತೋಲಿತ, ಆರೋಗ್ಯಕರ ಪರಿಸರದ ಹಕ್ಕು ಇಲ್ಲಿನ 1987ರ ಸಂವಿಧಾನದಲ್ಲಿಯೇ ಬರೆದಿದೆ. ಇದನ್ನು ನಿಮ್ಮ ಮಕ್ಕಳಿಗೆ ಹೇಳಿ.

ಜಗಳ ಬಂದರೆ ನೇರವಾಗಿ ವಕೀಲರ ಬಳಿ ಓಡಬೇಡಿ. ಒಂದೇ ನಗರದಲ್ಲಿ ವಾಸಿಸುವ ಇಬ್ಬರ ನಡುವಿನ ಹೆಚ್ಚಿನ ವ್ಯಾಜ್ಯಗಳು ನ್ಯಾಯಾಲಯಕ್ಕೆ ಹೋಗುವ ಮೊದಲು ಬರಂಗಾಯ್‌ನಲ್ಲಿ ರಾಜಿ ಪಂಚಾಯಿತಿಗೆ ಬರಲೇಬೇಕು. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ, ಇಬ್ಬರೂ ಖುದ್ದಾಗಿ ಬರಬೇಕು. ದೊಡ್ಡ ದಪ್ಪ ರಿಜಿಸ್ಟರೊಂದರಲ್ಲಿ ದೂರನ್ನು ಕೈಬರಹದಲ್ಲಿ ಬರೆದುಕೊಳ್ಳುತ್ತಾರೆ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎದುರುಬದುರಾಗಿ ಕೂರಿಸಿ ಮೊದಲು ಕಪಿತಾನ್, ಅವರಿಂದ ಆಗದಿದ್ದರೆ ಮೂವರು ಹಿರಿಯರು ಸಂಧಾನ ಮಾಡುತ್ತಾರೆ. ಒಪ್ಪಂದಕ್ಕೆ ಸಹಿ ಬಿದ್ದು, ಹತ್ತು ದಿನಗಳೊಳಗೆ ಯಾರೂ ಹಿಂದೆ ಸರಿಯದಿದ್ದರೆ ಅದಕ್ಕೆ ನ್ಯಾಯಾಲಯದ ಅಂತಿಮ ತೀರ್ಪಿನ ಬಲವಿದೆ. ನಾನು ಕಂಡ ಒಂದು ಪ್ರಕರಣದಲ್ಲಿ, ರಾತ್ರಿ ಬಹಳ ಹೊತ್ತಿನವರೆಗೆ ನಡೆಯುತ್ತಿದ್ದ ಭಜನೆಯ ಬಗ್ಗೆ ಪಕ್ಕದ ಮನೆಯ ಅಜ್ಜಿ ದೂರಿತ್ತಿದ್ದರು. ನಮ್ಮವರು ಧರ್ಮಕ್ಕೆ ಅಪಮಾನವಾಯಿತೆಂದು ಕುದಿಯುತ್ತಾ ಬಂದಿದ್ದರು. ಅಜ್ಜಿಯ ಯಜಮಾನರು ಕಾಯಿಲೆಯಿಂದ ಮಲಗಿದ್ದಾರೆಂಬುದು ಅವರಿಗೆ ತಿಳಿದದ್ದು ಆ ಕುರ್ಚಿಯಲ್ಲಿ ಕುಳಿತ ಮೇಲೆಯೇ. ಒಂದೇ ಗೋಡೆಯ ಆಚೆ ಈಚೆ ವಾಸವಿದ್ದವರಿಗೆ ಅಷ್ಟು ಗೊತ್ತಿರಲಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಚುನಾವಣೆಯಿಂದ ಮಾತ್ರ ದೂರವಿರಿ. ಅಭ್ಯರ್ಥಿಗಳಿಗೆ ನೆರವಾಗುವುದು, ಹಣ ಕೊಡುವುದು, ಪ್ರಚಾರಕ್ಕಿಳಿಯುವುದು ವಿದೇಶೀಯರಿಗೆ ನಿಷಿದ್ಧ. ಇಲ್ಲಿನ ಹುಡುಗ ಹುಡುಗಿಯರು 15ನೆಯ ವಯಸ್ಸಿಗೇ ಬರಂಗಾಯ್‌ನ ಯುವ ಮಂಡಳಿಗೆ ಮತ ಹಾಕುತ್ತಾರೆ. ಗೆಳೆಯರೆಲ್ಲ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಾಗ ನಿಮ್ಮ ಮಗಳು ತನಗೇಕೆ ಇಲ್ಲವೆಂದು ಕೇಳುತ್ತಾಳೆ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲವೆಂದು ಅವಳಿಗೆ ಹೇಳಬೇಕಾಗುತ್ತದೆ. ಹೊರದೇಶದಲ್ಲಿರುವ ಫಿಲಿಪ್ಪೀನ್ಸ್ ಪ್ರಜೆಗಳು 2003ರ ಕಾನೂನಿನಿಂದಾಗಿ ಅಲ್ಲಿಂದಲೇ ಮತ ಚಲಾಯಿಸಬಹುದು. ನಾವಾದರೋ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ಮತ ಹಾಕಲು ಊರಿಗೇ ಹೋಗಬೇಕು. ಹೀಗೆ ಎರಡು ಕಡೆಯೂ ಮತಗಟ್ಟೆಯಿಂದ ಹೊರಗುಳಿದ ನಮಗೆ, ಒಂದು ಊರಿಗೆ ಸೇರಿದವರೆನಿಸಿಕೊಳ್ಳಲು ಉಳಿದಿರುವ ದಾರಿ ಕರ್ತವ್ಯಗಳದ್ದೇ. ನಮ್ಮ ಮಕ್ಕಳಿಗೆ ಇಲ್ಲಿನ ಕಪಿತಾನ್ ಹೆಸರು ಗೊತ್ತು, ಅಜ್ಜನ ಊರಿನ ಪಂಚಾಯಿತಿ ಅಧ್ಯಕ್ಷರ ಹೆಸರು ಗೊತ್ತಿಲ್ಲ. ಇದು ನಷ್ಟವೇ, ಅಲ್ಲವೆಂದು ನಾನು ಹೇಳಲಾರೆ. ಆದರೆ ಯಾವ ಊರಿನ ಹೊಣೆಯನ್ನೂ ಹೊರದೆ ಮಕ್ಕಳು ಬೆಳೆದರೆ ಅದು ಇನ್ನೂ ದೊಡ್ಡ ನಷ್ಟ. ಶಾಲೆಯ ಧ್ವಜಾರೋಹಣದಲ್ಲಿ ರಾಷ್ಟ್ರಗೀತೆ ನಡೆಯುವಾಗ, ನೆರೆದವರೆಲ್ಲರೂ ಧ್ವಜದತ್ತ ತಿರುಗಿ, ಬಲಗೈಯನ್ನು ಎದೆಯ ಎಡಭಾಗದ ಮೇಲಿಟ್ಟು ನಿಲ್ಲಬೇಕೆಂದು 1998ರ ಧ್ವಜ ಸಂಹಿತೆ ಹೇಳುತ್ತದೆ. ಮಕ್ಕಳು ಹಾಗೆ ನಿಂತರೆ ತಡೆಯಬೇಡಿ. ಚಿತ್ರಮಂದಿರದಲ್ಲಿ ಅದು ಮೊಳಗಿದರೆ ನೀವೂ ಎದ್ದು ನಿಲ್ಲಿ.

ಕೊನೆಯದಾಗಿ ಮಳೆ. 2009ರ ಸೆಪ್ಟೆಂಬರ್ 26ರಂದು ಓಂದೊಯ್ ಚಂಡಮಾರುತ ಒಂದು ತಿಂಗಳ ಮಳೆಯನ್ನು ಕೆಲವೇ ಗಂಟೆಗಳಲ್ಲಿ ಸುರಿಸಿದಾಗ ಮರಿಕಿನಾ ನದಿ ಉಕ್ಕಿ, ಪ್ಲಾಸ್ಟಿಕ್ಕಿನಿಂದ ಕಟ್ಟಿಕೊಂಡಿದ್ದ ಕಾಲುವೆಗಳು ನೀರನ್ನು ಮನೆಗಳಿಗೇ ನುಗ್ಗಿಸಿದವು. ಹವಾಮಾನ ಇಲಾಖೆ ಬಿರುಗಾಳಿಗೆ ಒಂದರಿಂದ ಐದರವರೆಗೆ ಎಚ್ಚರಿಕೆಯ ಸಂಕೇತ ಕೊಡುತ್ತದೆ. ಬರಂಗಾಯ್‌ನವರು ಮನೆ ಬಿಡಿ ಎಂದರೆ ವಾದಿಸದೆ ಬಿಡಿ, ದಾಖಲೆಗಳನ್ನು ನೀರು ಹೋಗದ ಚೀಲದಲ್ಲಿ ಮೊದಲೇ ಕಟ್ಟಿಡಿ. ಮಳೆಗಾಲಕ್ಕೆ ಮುಂಚೆ ಬೀದಿಯವರು ಸೇರಿ ಚರಂಡಿ ಶುಚಿಮಾಡುವ ದಿನ ಮಕ್ಕಳನ್ನೂ ಕರೆದುಕೊಂಡು ಹೋಗಿ. ಹೊಸ ಶಾಲಾ ವರ್ಷಕ್ಕೆ ಮುನ್ನ ಸರ್ಕಾರಿ ಶಾಲೆಗಳಲ್ಲಿ ಬ್ರಿಗಾಡಾ ಎಸ್ಕ್ವೇಲಾ ನಡೆಯುತ್ತದೆ, ಊರವರು ಬೆಂಚು ರಿಪೇರಿ ಮಾಡಿ ಗೋಡೆಗೆ ಬಣ್ಣ ಬಳಿಯುತ್ತಾರೆ. ನಿಮ್ಮ ಮಕ್ಕಳು ಖಾಸಗಿ ಶಾಲೆಯಲ್ಲಿ ಓದುತ್ತಿದ್ದರೂ ಅಲ್ಲಿಗೆ ಹೋಗಿ ಕೆಲಸ ಮಾಡಿ. ಇಲ್ಲಿಯೂ ಗುಡಿಸುವುದು ತೆಂಗಿನ ಗರಿಯ ಕಡ್ಡಿಪೊರಕೆಯಲ್ಲೇ, ಹಿಡಿಯುವುದು ಹೇಗೆಂದು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.