ಜೀಪಿನ ಹ್ಯಾಮ್ ರೇಡಿಯೋ ಸರಿಯಾದದ್ದು ಹೀಗೆ
ಮಡಿಕೇರಿಯ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಜೀಪಿನ ಎಚ್‌ಎಫ್ ಸೆಟ್, ಅಂದರೆ ದೂರದವರ ಜೊತೆ ಮಾತಾಡುವ ಹವ್ಯಾಸಿ (ಹ್ಯಾಮ್) ರೇಡಿಯೋ, ಕೈಕೊಟ್ಟಿತ್ತು. 7 ಮೆಗಾಹರ್ಟ್ಸ್‌ನಲ್ಲಿ ಬೇರೆಯವರು ಚೆನ್ನಾಗಿ ಕೇಳಿಸುತ್ತಿದ್ದರು. ನಾನು ಮೈಕ್ ಒತ್ತಿದರೆ ಮಾತ್ರ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) 4ಕ್ಕೆ ಏರಿ, ಸೆಟ್ ತಾನಾಗಿ ಪವರ್ ಇಳಿಸುತ್ತಿತ್ತು.

ಸುಮ್ನೆ ಹೊಸ ಆಂಟೆನಾ ತರಿಸುವ ಮುಂಚೆ ಆಂಟೆನಾ ಕೂರಿಸುವ ಮೌಂಟ್ ಬಿಚ್ಚಿದೆ. ಬೋಲ್ಟಿನ ಕೆಳಗೆ ಪೇಂಟ್, ಸುತ್ತ ಕಂದು ತುಕ್ಕಿನ ಉಂಗುರ. ಈ ಬ್ಯಾಂಡಿಗೆ ಆಂಟೆನಾ ತರಂಗದ ಉದ್ದದ ಕಾಲು ಭಾಗ ಇರಬೇಕೆಂದರೂ ಸುಮಾರು 10 ಮೀಟರ್ ಬೇಕು, ನಮ್ಮ ಆಂಟೆನಾ ಕಡ್ಡಿ ಎರಡೇ ಮೀಟರ್. ಕೊರತೆ ತುಂಬಲು ಕಾಯಿಲ್ ಇದೆ, ಆದರೆ ಗಾಡಿಯ ಬಾಡಿಯೇ ಆಂಟೆನಾದ ಇನ್ನರ್ಧ ಅಲ್ವಾ? ಪೇಂಟ್, ತುಕ್ಕು ಅಡ್ಡ ಬಂದರೆ ಆ ಸಂಪರ್ಕವೇ ಕೆಡುತ್ತದೆ. ತಗಡು ಹೊಳೆಯುವ ತನಕ ಉಜ್ಜಿ, ಬಾಡಿಗೂ ಚಾಸಿಗೂ ಅಗಲವಾದ ತಾಮ್ರದ ಪಟ್ಟಿ ಬಿಗಿದೆ, ಮೇಲೆ ಗ್ರೀಸ್ ಬಳಿದೆ. ಎಸ್‌ಡಬ್ಲ್ಯುಆರ್ 1.5ಕ್ಕೆ ಇಳಿಯಿತು!

ಪವರ್ ವೈರ್ ನೇರ ಬ್ಯಾಟರಿಯಿಂದಲೇ ಎಳೆಯಿರಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಮಾತಾಡುವಾಗ ಕಡ್ಡಿ ಮುಟ್ಟಿದರೆ ಚರ್ಮ ಸುಡುತ್ತದೆ, ಮಕ್ಕಳನ್ನು ದೂರ ನಿಲ್ಲಿಸಿ. ಘಾಟಿ ತಿರುವಿನಲ್ಲಂತೂ ನಾನು ಮೈಕ್ ಹಿಡಿಯುವುದೇ ಇಲ್ಲ.